ಹಳದಿ ಗುಂಡಿ ಮತ್ತು ಐದು ನಿಯಮಗಳು: ಕಿರಿಯರ ಗ್ಲೈಡಿಂಗ್ ಕಾರ್ಯಕ್ರಮವೊಂದರ ಪ್ರಕರಣ

ಈ ಪ್ರಕರಣದಲ್ಲಿ ನಾನು ಹೊರಗೆ ನಿಂತು ನೋಡಿದವನಲ್ಲ. ಆ ಕ್ಲಬ್ಬಿನಲ್ಲಿ ನಾನು ಇನ್‌ಸ್ಟ್ರಕ್ಟರ್, ಜೊತೆಗೆ ಸುರಕ್ಷತೆಯ ಹೊಣೆಯೂ ನನ್ನದೇ. ಕೆಳಗೆ ಬರುವ ಐದು ನಿಯಮಗಳಲ್ಲಿ ಮೂರನ್ನು ಬರೆದದ್ದು ನಾನೇ. ಕ್ಲಬ್ ಯಾವುದು, ಎಲ್ಲಿದೆ ಎಂದು ಹೇಳುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ನಡೆದದ್ದನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ನಮ್ಮದು ವಾರಾಂತ್ಯದ ಕಾರ್ಯಕ್ರಮ. 13ರಿಂದ 18 ವರ್ಷದ ಮಕ್ಕಳು. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಎರಡು ಸೀಟಿನದು ಎರಡು, ಒಂದು ಸೀಟಿನದು ಒಂದು, ಒಂದು ವಿಂಚ್. ಇನ್‌ಸ್ಟ್ರಕ್ಟರ್‌ಗಳೆಲ್ಲ ಸಂಬಳವಿಲ್ಲದೆ ಬರುವವರು.

ವಿಂಚ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದ ಆ ತುದಿಯಲ್ಲಿ ಎಂಜಿನ್ ಇರುವ ದೊಡ್ಡ ಡ್ರಮ್ ಇರುತ್ತದೆ. ಸುಮಾರು ಒಂದು ಕಿಲೋಮೀಟರ್ ಕೇಬಲ್ ಈ ತುದಿಗೆ ಬಂದು ಗ್ಲೈಡರ್ ಹೊಟ್ಟೆಯ ಕೊಕ್ಕೆಗೆ ಸಿಗುತ್ತದೆ. ಡ್ರಮ್ ತಿರುಗಿದರೆ ಗ್ಲೈಡರ್ ಗಾಳಿಪಟದ ಹಾಗೆ ಮೇಲೇರುತ್ತದೆ. 300–400 ಮೀಟರ್ ಮೇಲೆ ಹೋದ ಮೇಲೆ ಪೈಲಟ್ ಹಳದಿ ಗುಂಡಿ ಎಳೆದು ಕೇಬಲ್ ಬಿಡುತ್ತಾನೆ. ಬಿಸಿಗಾಳಿಯ ಏರು ಸಿಗದಿದ್ದರೆ ಐದಾರು ನಿಮಿಷದಲ್ಲಿ ಮತ್ತೆ ನೆಲ. ಹಾಗಾಗಿ ಇಲ್ಲಿ ಕಲಿಕೆ ಅಂದ್ರೆ ಒಂದು ಉದ್ದ ಹಾರಾಟ ಅಲ್ಲ, ಪುಟ್ಟ ಪುಟ್ಟ ಹಾರಾಟಗಳ ಸಾಲು. ಸಾಲು ತುಂಡಾದರೆ ಕೈ ಮರೆಯುತ್ತದೆ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ವಯಸ್ಸಿನ ವಿಷಯ. ಅಮೆರಿಕದಲ್ಲೂ ಯುರೋಪಿನಲ್ಲೂ ಗ್ಲೈಡರನ್ನು 14 ವರ್ಷಕ್ಕೇ ಒಂಟಿಯಾಗಿ ಹಾರಿಸಬಹುದು. ಎಂಜಿನ್ ವಿಮಾನಕ್ಕಾದರೆ 16. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಗ್ಲೈಡರ್ ಲೈಸೆನ್ಸ್‌ಗೆ 16, ಖಾಸಗಿ ಪೈಲಟ್ ಲೈಸೆನ್ಸ್‌ಗೆ 17. ಲೈಸೆನ್ಸ್ ಬೇರೆ, ಇನ್‌ಸ್ಟ್ರಕ್ಟರ್ ನೆಲದಿಂದ ಕಣ್ಣಿಟ್ಟಿರುವಾಗ ಮಾಡುವ ಸೋಲೋ, ಅಂದರೆ ಒಂಟಿ ಹಾರಾಟ, ಬೇರೆ. ನಮ್ಮಲ್ಲಿ 15 ದಾಟಿದ ಮಕ್ಕಳು, ತಯಾರಾಗಿದ್ದರೆ, ಸೋಲೋ ಮಾಡುತ್ತಿದ್ದರು.

ಆ ಶನಿವಾರ

15 ವರ್ಷದ ಹುಡುಗ. ಅವನ ಮೂರನೇ ಸೋಲೋ. ಎಡಗಡೆಯಿಂದ ಅಡ್ಡಗಾಳಿ, ಹೆಚ್ಚೇನೂ ಇಲ್ಲ. ಗ್ಲೈಡರ್ ಪಕ್ಕಕ್ಕೆ ವಾಲದಂತೆ ರೆಕ್ಕೆ ತುದಿ ಹಿಡಿದು ಓಡಲು ನಿಂತವರು ಅವತ್ತೇ ಮೊದಲ ಸಲ ಸಹಾಯಕ್ಕೆ ಬಂದ ಒಬ್ಬರು. ರೆಕ್ಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಕೇಬಲ್ ಬಿಗಿಯಾಯಿತು, ಗ್ಲೈಡರ್ ಮುಂದೆ ಜಿಗಿಯಿತು, ಅವರ ಕೈ ಒಂದು ಕ್ಷಣ ತಡವಾಗಿ ಬಿಟ್ಟಿತು. ಆ ಕಡೆಯ ರೆಕ್ಕೆ ಹಿಂದೆ ಉಳಿದು ಹುಲ್ಲಿಗೆ ಇಳಿಯಿತು.

ವಿಂಚ್ ಲಾಂಚಿನಲ್ಲಿ ಇದಕ್ಕಿಂತ ಕೆಟ್ಟ ಕ್ಷಣ ಕಡಿಮೆ. ರೆಕ್ಕೆ ತುದಿ ನೆಲಕ್ಕೆ ಸಿಕ್ಕಿಕೊಂಡು, ಕೇಬಲ್ ಎಳೆಯುತ್ತಲೇ ಇದ್ದರೆ ಗ್ಲೈಡರ್ ಪಲ್ಟಿ ಹೊಡೆಯಬಹುದು. ಅದಕ್ಕೇ ಲಾಂಚ್ ಶುರುವಾಗುವ ಮೊದಲು ಎಡಗೈ ಹಳದಿ ಗುಂಡಿಯ ಮೇಲೆ ಇರಬೇಕು. ರೆಕ್ಕೆ ಇಳಿಯಿತೋ, ಯೋಚನೆ ಬೇಡ, ಎಳೆದುಬಿಡಬೇಕು.

ಹುಡುಗ ಎಳೆದ. ಆದರೆ ಒಂದು ಗಳಿಗೆ ತಡ. ಗ್ಲೈಡರ್ ಗಿರ್ರನೆ ತಿರುಗಿ ಅಡ್ಡ ನಿಂತಿತು. ಬಾಲದ ಹತ್ತಿರ ಸೀಳು ಬಿಟ್ಟಿತು. ಹುಡುಗನಿಗೆ ಏನೂ ಆಗಲಿಲ್ಲ. ನಾನು ಓಡಿ ಹೋದಾಗ ಅವನು ಬೆಲ್ಟ್ ಕೂಡ ಬಿಚ್ಚಿರಲಿಲ್ಲ, ಗುಂಡಿಯನ್ನು ಇನ್ನೂ ಎಳೆದು ಹಿಡಿದೇ ಕೂತಿದ್ದ. "ಸರ್, ಕೈ ತೊಡೆ ಮೇಲಿತ್ತು" ಅಂದ. ಕೇಳುವ ಮೊದಲೇ ಹೇಳಿದ.

ಆ ಒಂದು ವಾಕ್ಯದಲ್ಲಿ ಇಡೀ ತನಿಖೆ ಇತ್ತು. ನಾವು ಅದನ್ನು ಬರೆದುಕೊಂಡೆವು. ಆಮೇಲೆ ಮರೆತೆವು.

ಸಭೆ

ನಾಲ್ಕು ದಿನದ ನಂತರ ಸಭೆ. ಪೋಷಕರು ಗಾಬರಿಯಾಗಿದ್ದರು, ಸಹಜ. ವಿಮೆಯವರ ಪತ್ರ ಬಂದಿತ್ತು. ಸಮಿತಿಯಲ್ಲಿ ಇಬ್ಬರು ಮಕ್ಕಳ ಕಾರ್ಯಕ್ರಮವನ್ನೇ ನಿಲ್ಲಿಸೋಣ ಅಂದರು. ನಿಲ್ಲಿಸುವುದನ್ನು ತಪ್ಪಿಸಬೇಕು ಅಂತ ನಾನೇ ನಿರ್ಬಂಧಗಳ ಪಟ್ಟಿ ಮುಂದಿಟ್ಟೆ. ಎರಡು ಗಂಟೆಯಲ್ಲಿ ಐದು ನಿಯಮ ಪಾಸಾದವು.

17 ತುಂಬದವರಿಗೆ ಸೋಲೋ ಇಲ್ಲ. ಗಾಳಿ 8 ನಾಟ್ ದಾಟಿದರೆ ಮಕ್ಕಳ ಹಾರಾಟ ಇಲ್ಲ. ಮುಖ್ಯ ಇನ್‌ಸ್ಟ್ರಕ್ಟರ್ ಮೈದಾನದಲ್ಲಿ ಇಲ್ಲದಿದ್ದರೆ ಹಾರಾಟ ಇಲ್ಲ. ಒಂದು ಮಗುವಿಗೆ ದಿನಕ್ಕೆ ಎರಡೇ ಲಾಂಚ್. 60 ಕೆಜಿಗಿಂತ ಹಗುರ ಇರುವವರು ಹಾರುವಂತಿಲ್ಲ.

ಈಗ ಓದಿದರೆ ನಾಚಿಕೆಯಾಗುತ್ತದೆ. ಐದರಲ್ಲಿ ಒಂದೂ ಹಳದಿ ಗುಂಡಿಯ ಬಗ್ಗೆ ಇಲ್ಲ. ರೆಕ್ಕೆ ಹಿಡಿಯುವವರ ಬಗ್ಗೆಯೂ ಇಲ್ಲ. ಹುಡುಗನಿಗೆ 17 ಆಗಿದ್ದರೂ ಕೈ ತೊಡೆಯ ಮೇಲೇ ಇರಬಹುದಿತ್ತು, ಅಲ್ವಾ? ಆದರೆ ಸಭೆಯಲ್ಲಿ ಯಾರೂ ಹಾಗೆ ಕೇಳಲಿಲ್ಲ. ನಾವು ಅಪಾಯಕ್ಕೆ ನಿಯಮ ಬರೆಯಲಿಲ್ಲ, ಭಯಕ್ಕೆ ಬರೆದೆವು. ಪೋಷಕರಿಗೆ ತೋರಿಸಲು ಒಂದು ಹಾಳೆ ಬೇಕಿತ್ತು. ಸಿಕ್ಕಿತು.

ಇನ್ನೊಂದು ವಿಷಯ. ಈ ನಿಯಮಗಳು ಎಲ್ಲಿಯವರೆಗೆ ಎಂದು ಯಾರೂ ಬರೆಯಲಿಲ್ಲ. "ಪರಿಸ್ಥಿತಿ ಸುಧಾರಿಸುವವರೆಗೆ" ಅಂತಿತ್ತು. ಸುಧಾರಿಸಿದೆ ಅಂತ ಹೇಳುವವರು ಯಾರು, ಏನನ್ನು ನೋಡಿ ಹೇಳಬೇಕು, ಅದಿರಲಿಲ್ಲ.

ಆಮೇಲಿನ ಐದು ತಿಂಗಳು

ಗಾಳಿಯ ನಿಯಮ ಎಲ್ಲಕ್ಕಿಂತ ಜಾಸ್ತಿ ಹೊಡೆತ ಕೊಟ್ಟಿತು. 8 ನಾಟ್ ಅಂದರೆ ಗಂಟೆಗೆ 15 ಕಿಲೋಮೀಟರ್ ಕೂಡ ಅಲ್ಲ. ಬಿಸಿಲು ಏರಿದ ಮೇಲೆ ಬಯಲಿನಲ್ಲಿ ಅಷ್ಟು ಗಾಳಿ ಸುಮ್ನೆ ಬೀಸುತ್ತದೆ. ಹಾಗಾಗಿ ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ ಉಳಿಯಿತು. ನಡುವೆ ಮಕ್ಕಳು ಟಾರ್ಪಾಲಿನ ನೆರಳಲ್ಲಿ ಕೂತು ಗಾಳಿಚೀಲ ನೋಡುತ್ತಿದ್ದರು.

ತಮಾಷೆ ಏನು ಅಂದರೆ, ವಿಂಚ್ ಲಾಂಚಿಗೆ ಎದುರುಗಾಳಿ ಒಳ್ಳೆಯದು. ನೆಲದ ಮೇಲಿನ ಓಟ ಚಿಕ್ಕದಾಗುತ್ತದೆ, ಹೆಚ್ಚು ಎತ್ತರ ಸಿಗುತ್ತದೆ, ರೆಕ್ಕೆಯ ಮೇಲೆ ಹಿಡಿತ ಬೇಗ ಬರುತ್ತದೆ. ತೊಂದರೆ ಕೊಡುವುದು ಅಡ್ಡಗಾಳಿ. 14 ನಾಟ್ ನೇರ ಎದುರಿಗೆ ಬಂದರೆ ಅಡ್ಡ ಭಾಗ ಸೊನ್ನೆ. 30 ಡಿಗ್ರಿ ಓರೆಯಾಗಿ ಬಂದರೆ ಅರ್ಧ, ಅಂದರೆ 7. ಪೂರ್ತಿ ಪಕ್ಕದಿಂದ ಬಂದರೆ ಪೂರ್ತಿ 14. ನಮ್ಮ ನಿಯಮಕ್ಕೆ ಈ ಮೂರೂ ಒಂದೇ. 12 ನಾಟ್ ಎದುರುಗಾಳಿಯ ಚೆನ್ನಾದ ದಿನ ಮಕ್ಕಳನ್ನು ಕೂರಿಸಿದೆವು. 7 ನಾಟ್ ಪೂರ್ತಿ ಅಡ್ಡಗಾಳಿಯ ದಿನ ಹಾರಿಸಿದೆವು. ನಿಯಮದ ಪ್ರಕಾರ ಎರಡೂ ಸರಿ.

ತೂಕದ ನಿಯಮ ಇನ್ನೂ ವಿಚಿತ್ರ. ಗ್ಲೈಡರಿನಲ್ಲಿ ಮುಂದಿನ ಸೀಟಿಗೆ ಕನಿಷ್ಠ ತೂಕ ಅಂತ ನಿಜವಾಗಿಯೂ ಇದೆ. ಎಷ್ಟೋ ತರಬೇತಿ ಗ್ಲೈಡರ್‌ಗಳಲ್ಲಿ ಅದು ಪ್ಯಾರಾಶೂಟ್ ಸೇರಿ 70 ಕೆಜಿ ಆಸುಪಾಸು. ಕಾಕ್‌ಪಿಟ್ಟಿನ ಒಳಗೆ ಫಲಕದ ಮೇಲೇ ಬರೆದಿರುತ್ತದೆ. ಪೈಲಟ್ ತೀರಾ ಹಗುರವಾದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಮೂತಿ ಮೇಲೆ ಕೆಳಗೆ ಆಡುವುದು ಅತಿ ಸೂಕ್ಷ್ಮವಾಗುತ್ತದೆ, ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಹೊರಬರುವುದು ಕಷ್ಟ. ಇದರ ಜೊತೆ ಚೌಕಾಸಿ ಇಲ್ಲ. ಆದರೆ ಇದಕ್ಕೆ ಪರಿಹಾರವೂ ಇದೆ: ಮುಂದೆ ಬೋಲ್ಟ್ ಹಾಕಿ ಬಿಗಿಯುವ ಸೀಸದ ತುಂಡುಗಳು. ತೂಕ ನೋಡು, ಫಲಕ ನೋಡು, ಸೀಸ ಹಾಕು. ಅಷ್ಟೇ. ಸಭೆಯಲ್ಲಿ ಯಾರೋ "ಸೀಸ ಸಡಿಲವಾಗಿ ಉರುಳಿದರೆ?" ಅಂದರು, ನಾವು ತಲೆಯಾಡಿಸಿದೆವು. ಆ ಒಂದು ತಲೆಯಾಟಕ್ಕೆ ಚಿಕ್ಕ ಮಕ್ಕಳೂ, ಹೆಚ್ಚು ಕಡಿಮೆ ಎಲ್ಲ ಹುಡುಗಿಯರೂ ನೆಲದ ಕೆಲಸಕ್ಕೆ ಇಳಿದರು.

ಒಬ್ಬಳ ಬಗ್ಗೆ ಹೇಳಲೇಬೇಕು. 16 ವರ್ಷ. ಸೋಲೋಗೆ ಬೇಕಾದ ಎಲ್ಲ ಅಭ್ಯಾಸ ಮುಗಿಸಿದ್ದಳು, ಘಟನೆಯ ಮರುವಾರ ಅವಳ ಸರದಿ ಇತ್ತು. ಈಗ 11 ತಿಂಗಳು ಕಾಯಬೇಕು, ತೂಕದ ನಿಯಮದಿಂದಾಗಿ ಜೊತೆಯಲ್ಲಿ ಕೂತೂ ಹಾರುವಂತಿಲ್ಲ. ಜಗಳ ಆಡಲಿಲ್ಲ. ಪ್ರತಿ ವಾರ ಬಂದು ಲಾಂಚ್ ದಾಖಲೆಯ ಪುಸ್ತಕ ಬರೆಯುತ್ತಿದ್ದಳು. ಯಾರು ಹಾರಿದರು, ಯಾರ ಜೊತೆ, ಎಷ್ಟು ಹೊತ್ತಿಗೆ, ಗಾಳಿ ಎಷ್ಟು. ಉಳಿದ ಮಕ್ಕಳಲ್ಲಿ ಕೆಲವರು ಮೆಲ್ಲಗೆ ಬರುವುದು ಬಿಟ್ಟರು. ಯಾರೂ ರಾಜೀನಾಮೆ ಕೊಡುವುದಿಲ್ಲವಲ್ಲ, ಮುಂದಿನ ಶನಿವಾರ ಕಾಣುವುದಿಲ್ಲ ಅಷ್ಟೇ.

ಎರಡನೇ ಘಟನೆ

ಇದು ನನ್ನದು.

ಸಂಜೆ, ಗಾಳಿ 5 ನಾಟ್, ಎಲ್ಲ ನಿಯಮ ಪಾಲನೆಯಾಗಿದೆ. ಮುಂದೆ 14 ವರ್ಷದ ಹುಡುಗ, ಹಿಂದೆ ನಾನು. ಕೇಬಲ್ ತುಂಡಾದರೆ ಏನು ಮಾಡಬೇಕು ಎಂಬ ಅಭ್ಯಾಸ. ಸುಮಾರು 70 ಮೀಟರ್ ಎತ್ತರದಲ್ಲಿ ನಾನು ಗುಂಡಿ ಎಳೆದೆ. ಮೂತಿ ಆಕಾಶ ನೋಡುತ್ತಿರುವಾಗ ಎಳೆತ ನಿಂತರೆ ವೇಗ ಸರ್ರನೆ ಇಳಿಯುತ್ತದೆ. ಹುಡುಗ ಮೂತಿಯನ್ನು ಸರಿಯಾಗಿ ಕೆಳಗೆ ತಳ್ಳಿದ. ಚೆನ್ನಾಗಿ ತಳ್ಳಿದ. ಆಮೇಲೆ ಅವನ ಕೈ ನೀಲಿ ಹಿಡಿಕೆಗೆ ಹೋಯಿತು, ಅದು ಏರ್‌ಬ್ರೇಕ್, ಗ್ಲೈಡರನ್ನು ಬೇಗ ಕೆಳಗಿಳಿಸಲು ರೆಕ್ಕೆಯಿಂದ ಏಳುವ ತಡೆ.

ಇಲ್ಲಿ ಒಂದು ಮೋಸ ಇದೆ. ಮೂತಿ ಕೆಳಗೆ ಬಂದ ತಕ್ಷಣ ಎಲ್ಲ ಸರಿಹೋದ ಹಾಗೆ ಕಾಣುತ್ತದೆ, ಎದುರಿಗೆ ನೆಲ ಎಂದಿನಂತೆ ಇರುತ್ತದೆ. ವೇಗ ಮಾತ್ರ ಇನ್ನೂ ಬಂದಿರುವುದಿಲ್ಲ. ಮುಳ್ಳು ಏರುವವರೆಗೆ ಎರಡು ಮೂರು ಸೆಕೆಂಡ್ ಕಾಯಬೇಕು, ಆಮೇಲೆ ಏರ್‌ಬ್ರೇಕ್. ಹುಡುಗ ಕಾಯಲಿಲ್ಲ, ಕಲಿಯುವವನು. ಕಾಯಿಸಬೇಕಾದವನು ನಾನು. ನನ್ನ ಕೈ ಹೋಯಿತು, ತಡವಾಗಿ ಹೋಯಿತು. ಗ್ಲೈಡರ್ ಕಲ್ಲಿನ ಹಾಗೆ ಕೂತಿತು. ಇಬ್ಬರೂ ಬೆನ್ನಿನ ತಪಾಸಣೆ ಮಾಡಿಸಿಕೊಂಡೆವು, ಏನೂ ಇರಲಿಲ್ಲ. ಚಕ್ರದ ಜೋಡಣೆ ಬಿಚ್ಚಿ ನೋಡಬೇಕಾಯಿತು.

ಮರುದಿನ ಆ ಹುಡುಗಿ ಲಾಂಚ್ ಪುಸ್ತಕ ಹಿಡಿದು ಬಂದಳು. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ಪಟ್ಟಿ. ಎಡಕ್ಕೆ ಇನ್‌ಸ್ಟ್ರಕ್ಟರ್‌ಗಳ ಹೆಸರು, ಬಲಕ್ಕೆ, ಹಿಂದಿನ ಸಂಜೆಯ ಹೊತ್ತಿಗೆ, ಅವರು ಕೊನೆಯದಾಗಿ ಹಾರಿ ಎಷ್ಟು ದಿನವಾಗಿತ್ತು. ನನ್ನ ಹೆಸರಿನ ಮುಂದೆ 41. ಆ ಸಂಜೆಗೆ ಮೊದಲು ನಾನು ಕೇಬಲ್ ತುಂಡಾಗುವ ಅಭ್ಯಾಸ ಮಾಡಿಸಿ ನಾಲ್ಕು ತಿಂಗಳಾಗಿತ್ತು.

"ನಮ್ಮ ಗ್ಯಾಪ್ ನೀವು ನೋಡ್ತೀರಿ ಸರ್. ನಿಮ್ಮದನ್ನ ಯಾರೂ ನೋಡ್ತಿರ್ಲಿಲ್ಲ, ಅದಕ್ಕೆ ನಾನೇ ಬರೆದೆ" ಅಂದಳು. ದೂರುವ ದನಿ ಇರಲಿಲ್ಲ.

ಈ ಪ್ರಕರಣದ ತಿರುವು ಅದೇ ಪುಟ. ಹಾರಾಟ ಕಡಿಮೆ ಮಾಡಿದರೆ ಅಪಾಯ ಕಡಿಮೆ ಅಂತ ನಾವು ನಂಬಿದ್ದೆವು. ಒಂದು ಲೆಕ್ಕದಲ್ಲಿ ನಿಜ, ಹಾರದ ಗ್ಲೈಡರ್ ಬೀಳುವುದಿಲ್ಲ. ಆದರೆ ನಾವು ಹಾರಾಟ ನಿಲ್ಲಿಸಿರಲಿಲ್ಲ, ತೆಳುವಾಗಿಸಿದ್ದೆವು. ಮಕ್ಕಳ ಕೈಗೂ ನಮ್ಮ ಕೈಗೂ ತುಕ್ಕು ಹಿಡಿಸಿ, ಅದೇ ಕೈಗಳಿಂದ ಅದೇ ಕಷ್ಟದ ಅಭ್ಯಾಸ ಮಾಡಿಸುತ್ತಿದ್ದೆವು.

ಬೇರೆಯವರು ಏನು ಮಾಡಿದ್ದರು

ಮುಂದಿನ ಸಭೆಗೆ ನಾನು ಮೂರು ಉದಾಹರಣೆ ಒಯ್ದೆ. ಎರಡು ಕಲಿಯಲು, ಒಂದು ಹೆದರಲು.

ಮೊದಲನೆಯದು 1996ರ ಏಪ್ರಿಲ್, ಅಮೆರಿಕದ ಶೈಯೆನ್. ಏಳು ವರ್ಷದ ಬಾಲಕಿ ದೇಶದ ಉದ್ದಕ್ಕೂ ವಿಮಾನ ಹಾರಿಸುವ ದಾಖಲೆಗೆ ಹೊರಟಿದ್ದಳು. ಕೆಟ್ಟ ಹವಾಮಾನದಲ್ಲಿ, ಹೆಚ್ಚು ಭಾರ ಹೊತ್ತು, ಎತ್ತರದ ಊರಿನಿಂದ ಮೇಲೆದ್ದ ವಿಮಾನ ಸ್ಟಾಲ್ ಆಗಿ ಬಿತ್ತು. ಅವಳು, ತಂದೆ, ಇನ್‌ಸ್ಟ್ರಕ್ಟರ್ ಮೂವರೂ ಸತ್ತರು. ದೇಶವೇ ಕೋಪಗೊಂಡಿತ್ತು, ಮಕ್ಕಳ ಕೈಗೆ ವಿಮಾನವೇ ಬೇಡ ಅನ್ನುವುದು ಸುಲಭವಿತ್ತು. ಅದೇ ವರ್ಷ ಬಂದ ಕಾನೂನು ಹಾಗೆ ಮಾಡಲಿಲ್ಲ. ಲೈಸೆನ್ಸ್ ಇಲ್ಲದವರು ದಾಖಲೆ, ಸ್ಪರ್ಧೆ, ಸಾಹಸಕ್ಕಾಗಿ ಹಾರಿಸುವುದನ್ನು ನಿಷೇಧಿಸಿತು. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಮಗು ಕಲಿಯುವುದನ್ನು ಮುಟ್ಟಲಿಲ್ಲ. ಅಪಾಯ ತಂದದ್ದು ದಾಖಲೆಯ ಅವಸರ, ನಿಯಮವೂ ಅಲ್ಲೇ ನಿಂತಿತು.

ಎರಡನೆಯದು ಬ್ರಿಟನ್ನಿನ ಗ್ಲೈಡಿಂಗ್ ಸಂಘ 2005ರಲ್ಲಿ ಶುರು ಮಾಡಿದ ಸುರಕ್ಷಿತ ವಿಂಚ್ ಲಾಂಚ್ ಅಭಿಯಾನ. ಅಲ್ಲಿ ವಿಂಚ್ ಅಪಘಾತಗಳನ್ನು ಹರಡಿಕೊಂಡು ನೋಡಿ, ಯಾವ ಹಂತದಲ್ಲಿ ಏನು ತಪ್ಪುತ್ತದೆ ಎಂದು ಬೇರ್ಪಡಿಸಿದರು. ರೆಕ್ಕೆ ಇಳಿದರೆ ತಕ್ಷಣ ಬಿಡು, ಕೈ ಗುಂಡಿಯ ಮೇಲಿರಲಿ ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಗಂಭೀರ ಅಪಘಾತಗಳು ಇಳಿದವು. ನಮ್ಮ ಹುಡುಗ ಕಾಕ್‌ಪಿಟ್ಟಿನಲ್ಲಿ ಕೂತು ಹೇಳಿದ್ದೂ ಇದನ್ನೇ.

ಹೆದರಲು ಒಯ್ದದ್ದು ಬ್ರಿಟನ್ನಿನ ಏರ್ ಕೆಡೆಟ್‌ಗಳ ಕಥೆ, ಅಂದರೆ ಅಲ್ಲಿನ ವಾಯುಪಡೆ ನಡೆಸುವ ಕಿರಿಯರ ಸಂಘಟನೆಯದು. 2014ರ ಏಪ್ರಿಲ್‌ನಲ್ಲಿ ಅವರ ಗ್ಲೈಡರ್‌ಗಳ ಹಾರಾಟ ನಿಂತಿತು. ಅಪಘಾತದಿಂದಲ್ಲ, ನಿರ್ವಹಣೆ ಮತ್ತು ದಾಖಲೆಗಳ ಮೇಲೆ ಭರವಸೆ ಇಲ್ಲದೆ. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲಾರೆ, ಗ್ಲೈಡರ್ ಗಟ್ಟಿ ಇದೆಯೋ ಇಲ್ಲವೋ ಗೊತ್ತಿಲ್ಲದೆ ಮಕ್ಕಳನ್ನು ಹತ್ತಿಸಲಾಗದು. ಆದರೆ ವಿರಾಮ ವರ್ಷಗಳಿಗೆ ಎಳೆಯಿತು. 2016ರಲ್ಲಿ ಗ್ಲೈಡರ್‌ಗಳ ಸಂಖ್ಯೆ ಕಡಿತ, ಹಲವು ಸ್ಕ್ವಾಡ್ರನ್‌ಗಳನ್ನು, ಅಂದರೆ ಗ್ಲೈಡಿಂಗ್ ಕಲಿಸುವ ಘಟಕಗಳನ್ನು, ಮುಚ್ಚುವ ನಿರ್ಧಾರ ಬಂತು. ಆ ನಡುವೆ ಒಂದಿಡೀ ಸಾಲು ಮಕ್ಕಳು ವಯಸ್ಸು ದಾಟಿ ಹೊರಗೆ ಹೋದರು.

ತಿದ್ದಿದ್ದು

ಈ ಸಲ ನಿಯಮಗಳನ್ನು ಬರೆಯುವ ರೀತಿಯನ್ನೇ ಬದಲಿಸಿದೆವು. ಒಂದು ನಿಯಮಕ್ಕೆ ಒಂದು ಹಾಳೆ. ಹಾಳೆಯಲ್ಲಿ ಮೂರು ಪ್ರಶ್ನೆ: ಇದು ತಡೆಯುವ ಅಪಾಯ ಯಾವುದು? ಇದನ್ನು ತೆಗೆದುಹಾಕಲು ಏನನ್ನು ನೋಡಬೇಕು? ಯಾವ ದಿನ ಇದು ತಾನಾಗಿಯೇ ಮುಗಿಯುತ್ತದೆ? ಮೂರನೇ ಪ್ರಶ್ನೆಗೆ ಜಾಸ್ತಿ ಜಗಳ ನಡೆಯಿತು. ತಾನಾಗಿಯೇ ಮುಗಿಯುವ ಸುರಕ್ಷತಾ ನಿಯಮವೇ? ಹೌದು ಅಂದೆ. ಬೇಕಾದರೆ ಮತ್ತೆ ಕೈ ಎತ್ತಿ ಮುಂದುವರಿಸಿ, ಆದರೆ ಕೈ ಎತ್ತಲೇಬೇಕು. ಬೇಸತ್ತ ಒಬ್ಬ ಹಿರಿಯ ಇನ್‌ಸ್ಟ್ರಕ್ಟರ್ ಆ ಸಭೆಯ ನಂತರ ಕ್ಲಬ್ ಬಿಟ್ಟರು. ಒಳ್ಳೆಯ ಪೈಲಟ್, ನಷ್ಟವೇ.

17ರ ನಿಯಮ ಮೊದಲ ಪ್ರಶ್ನೆಗೇ ಬಿದ್ದುಹೋಯಿತು. ಅದರ ಜಾಗಕ್ಕೆ ಕೌಶಲದ ಕಾರ್ಡ್ ಬಂತು, ಇಬ್ಬರು ಬೇರೆ ಬೇರೆ ಇನ್‌ಸ್ಟ್ರಕ್ಟರ್ ಸಹಿ, ಆ ದಿನದ್ದೇ ಒಂದು ಪರೀಕ್ಷಾ ಹಾರಾಟ. ತೂಕಕ್ಕೆ ಫಲಕವೇ ಕಾನೂನು, ಬೋಲ್ಟ್ ಬಿಗಿದದ್ದನ್ನು ಎರಡನೇ ಕೈ ನೋಡಬೇಕು. ದಿನಕ್ಕೆ ಎರಡೇ ಲಾಂಚ್ ಎನ್ನುವುದನ್ನು ಸದ್ದಿಲ್ಲದೆ ತೆಗೆದೆವು, ಯಾಕೆ ಹಾಕಿದ್ದೆವು ಅಂತ ಯಾರಿಗೂ ನೆನಪಿರಲಿಲ್ಲ. ಮುಖ್ಯ ಇನ್‌ಸ್ಟ್ರಕ್ಟರ್ ಬದಲು ಆ ದಿನದ ಹೊಣೆಗಾರ ಅಂತ ಒಬ್ಬರು.

ಹೊಸದಾಗಿ ಬಂದದ್ದು ಮೂರು. ಕೇಬಲ್ ಸಿಕ್ಕಿಸುವ ಮೊದಲು ಪೈಲಟ್ "ಕೈ ಹಳದಿಯ ಮೇಲೆ" ಎಂದು ಜೋರಾಗಿ ಹೇಳಬೇಕು, ರೆಕ್ಕೆ ಹಿಡಿದವರು ಅದನ್ನು ಕೇಳಿಸಿಕೊಂಡ ಮೇಲೇ ರೆಕ್ಕೆ ಎತ್ತಬೇಕು. ರೆಕ್ಕೆ ಹಿಡಿಯುವುದನ್ನು ಕಲಿಯದೆ ಯಾರೂ ಹಿಡಿಯುವಂತಿಲ್ಲ: ಎರಡು ಬೆರಳಲ್ಲಿ ಹಗುರವಾಗಿ, ಗ್ಲೈಡರ್ ಜೊತೆ ಓಡುತ್ತ. ಇನ್ನು ಇನ್‌ಸ್ಟ್ರಕ್ಟರ್‌ಗಳಿಗೆ ನಿಯಮ. ಪ್ರಯಾಣಿಕರನ್ನು ಕೂರಿಸಲು ಕಳೆದ 90 ದಿನದಲ್ಲಿ ಮೂರು ಹಾರಾಟ ಎಂಬುದು ಹಲವು ಕಡೆ ಇರುವ ಕಾನೂನು. ನಾವು ಅದಕ್ಕಿಂತ ಬಿಗಿ ಮಾಡಿದೆವು. 30 ದಿನ ಹಾರದ ಇನ್‌ಸ್ಟ್ರಕ್ಟರ್ ಮೊದಲು ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ ಕೇಬಲ್ ತುಂಡಾಗುವ ಅಭ್ಯಾಸ ಮಾಡಬೇಕು. ಪಟ್ಟಿ ಬೋರ್ಡಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಬರೆಯುವುದು ಮಕ್ಕಳು.

ನಡುವೆ ಒಂದು ಮಾತು, ಬೇರೆ ಕ್ಲಬ್‌ಗಳಿಗೂ ಬೇಕಾಗಬಹುದು. ಮಕ್ಕಳ ರಕ್ಷಣೆಗೆ "ಒಬ್ಬ ವಯಸ್ಕ ಮಗುವಿನ ಜೊತೆ ಒಂಟಿಯಾಗಿ ಇರಬಾರದು" ಎಂಬ ನಿಯಮವಿದೆ, ಇರಲೇಬೇಕು. ಅಕ್ಷರಶಃ ಓದಿದರೆ ಎರಡು ಸೀಟಿನ ಗ್ಲೈಡರ್ ಹಾರುವಂತೆಯೇ ಇಲ್ಲ. ನಾವು ಹೀಗೆ ಬರೆದೆವು: ನೆಲದ ಮೇಲೆ ಯಾವಾಗಲೂ ಇಬ್ಬರು ವಯಸ್ಕರು ಕಣ್ಣಳತೆಯಲ್ಲಿ, ಹಾರಾಟ ಯಾರ ಜೊತೆ ಎಂಬುದು ಮೊದಲೇ ಪುಸ್ತಕದಲ್ಲಿ, ಇನ್‌ಸ್ಟ್ರಕ್ಟರ್ ಜೊತೆ ಖಾಸಗಿ ಫೋನ್ ಸಂದೇಶ ಇಲ್ಲ. ಇದಕ್ಕೆ ಕೊನೆಯ ದಿನ ಹಾಕಲಿಲ್ಲ. ಎಲ್ಲ ನಿಯಮವೂ ಮುಗಿಯಬೇಕು ಅಂತೇನಿಲ್ಲ.

ಏನಾಯಿತು

ಹುಡುಗಿ 16 ವರ್ಷ 8 ತಿಂಗಳಿಗೆ ಸೋಲೋ ಮಾಡಿದಳು, ಮುಂದೆ ಸೀಸ ಬಿಗಿದುಕೊಂಡು, ನೇರ 11 ನಾಟ್ ಎದುರುಗಾಳಿಯಲ್ಲಿ. ಹಳೆಯ ನಿಯಮದಲ್ಲಿ ಮೂರು ಕಾರಣಕ್ಕೆ ಅವಳು ನೆಲದ ಮೇಲಿರಬೇಕಿತ್ತು. ಬಿಟ್ಟುಹೋದ ಮಕ್ಕಳಲ್ಲಿ ಇಬ್ಬರು ವಾಪಸ್ ಬಂದರು, ಉಳಿದವರು ಬರಲಿಲ್ಲ. ತೊಡೆಯ ಮೇಲೆ ಕೈ ಇಟ್ಟಿದ್ದ ಹುಡುಗ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. ಅವನು ಹೇಳಿದ ವಾಕ್ಯವನ್ನು ಐದು ತಿಂಗಳು ಯಾರೂ ಬಳಸಲಿಲ್ಲ ಎಂಬುದನ್ನು ಅವನಿಗೆ ಹೇಗೆ ಹೇಳುವುದೋ ಗೊತ್ತಾಗಲಿಲ್ಲ.

ಹೊಸ ಪದ್ಧತಿಯಲ್ಲಿ ಒಂದು ಸಲ ರೆಕ್ಕೆ ಇಳಿಯಿತು. ಪೈಲಟ್ 15ರ ಹುಡುಗಿ. ರೆಕ್ಕೆ ಹುಲ್ಲು ಮುಟ್ಟುವ ಮೊದಲೇ ಕೇಬಲ್ ಬಿಟ್ಟಿದ್ದಳು. ಗ್ಲೈಡರ್ ಹತ್ತು ಮೀಟರ್ ಉರುಳಿ ನಿಂತಿತು. ತಳ್ಳಿಕೊಂಡು ಬಂದು ಮತ್ತೆ ಸಾಲಿಗೆ ನಿಲ್ಲಿಸಿದೆವು, ಪುಸ್ತಕದಲ್ಲಿ ಒಂದು ಸಾಲು ಬರೆದೆವು.

ಗಾಳಿಯ ನಿಯಮ ಈಗ ಅಡ್ಡಗಾಳಿಯ ಲೆಕ್ಕದಲ್ಲಿದೆ, ಸೋಲೋ ಮಕ್ಕಳಿಗೆ 6 ನಾಟ್. ಆ ಹಾಳೆಯ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. 8ಕ್ಕೆ ಏರಿಸಬಹುದು ಅಂತ ಪುಸ್ತಕ ಹೇಳುತ್ತಿದೆ. ಕೈ ಎತ್ತಬೇಕಾದವರಲ್ಲಿ ನಾನೂ ಒಬ್ಬ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಇವತ್ತು 9 ಅಂತಿದೆ.